ಯಾರ ಕೈಯಲ್ಲಿದ್ದರೆ ಔಷಧ? ಕಟಕೋಳದ ಟಿಪ್ಪಣಿಗಳು

ಗಾಂಜಾ ಗಿಡವನ್ನು ಕಣ್ಣಾರೆ ಕಂಡವರು ಅದರಿಂದ ಆಗುವ ಔಷಧದ ಮಾತೆತ್ತಿದರೆ ಹಿಂದೆ ಸರಿಯುತ್ತಾರೆ. ಗಿಡವನ್ನು ಫೋಟೊದಲ್ಲಷ್ಟೇ ನೋಡಿದವರು ‘ಕೊಡಲಿ ಬಿಡಿ, ತಪ್ಪೇನು’ ಎನ್ನುತ್ತಾರೆ. ರಾಮದುರ್ಗ ತಾಲ್ಲೂಕಿನ ಕಟಕೋಳ, ಚಂದರಗಿ, ಗೊಡಚಿ ಕಡೆಯ ಮಂದಿಯನ್ನು ಮಾತಾಡಿಸುತ್ತ ಹೋದಂತೆ ಕಂಡದ್ದು ಇದು. ಬಲ್ಲವರಿಗೆ ಭಯ, ಅರಿಯದವರಿಗೆ ಧೈರ್ಯ. ಬೇರೆ ಯಾವ ಔಷಧದ ವಿಷಯದಲ್ಲೂ ಹೀಗಾಗಿದ್ದನ್ನು ನಾನು ನೋಡಿಲ್ಲ. ಕಾರಣ ಹುಡುಕುತ್ತ ಬರೆದಿಟ್ಟುಕೊಂಡ ಮಾತುಗಳಿವು.

*

ಗೋವಿನಜೋಳ, ಕಬ್ಬು ಬೆಳೆಯುವ ಹಿರಿಯ ರೈತರೊಬ್ಬರು. ಎತ್ತು ಮೇವು ಬಿಟ್ಟಾಗ ಅವರ ಅಜ್ಜ ಬೆಲ್ಲದ ಜೊತೆ ಭಂಗಿ ಸೊಪ್ಪು ಅರೆದು ತಿನ್ನಿಸುತ್ತಿದ್ದರಂತೆ. ಎಷ್ಟು ಸೊಪ್ಪು, ಎಷ್ಟು ಬೆಲ್ಲ, ದಿನದ ಯಾವ ಹೊತ್ತಿಗೆ ಎಂಬುದೆಲ್ಲ ಅವರಿಗೆ ಇನ್ನೂ ನೆನಪಿದೆ. ಆದರೆ ಮನುಷ್ಯರ ನೋವಿಗೆ ಇದರ ಔಷಧ ಬಂದರೆ ಹೇಗೆ ಎಂದು ಕೇಳಿದ್ದೇ ತಡ, ದನಿ ಇಳಿಯಿತು. “ನಿಮಗ ಔಷಧ ಅಕ್ಕೈತ್ರಿ ಸರ, ನಮಗ ಕೇಸ ಅಕ್ಕೈತಿ. ಅದರ ಸುದ್ದಿನ ಬ್ಯಾಡ.”

ಅವರ ಹೆದರಿಕೆಗೆ ಆಧಾರವಿಲ್ಲ ಎನ್ನುವಂತಿಲ್ಲ. 1985ರ ಮಾದಕವಸ್ತು ಕಾಯ್ದೆಯ 20ನೇ ಕಲಮನ್ನು ಓದಿದರೆ ತಿಳಿಯುತ್ತದೆ. ಒಂದು ಕಿಲೊವರೆಗಿನ ಗಾಂಜಾ ಕೈಯಲ್ಲಿದ್ದರೆ ಅದು ‘ಅಲ್ಪ ಪ್ರಮಾಣ’. ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ, ಇಲ್ಲವೇ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಗಿಡ ಬೆಳೆದರೆ ಮಾತ್ರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಎಷ್ಟು ಗಿಡ ಎಂಬ ಮೆಟ್ಟಿಲುಗಳೇ ಅಲ್ಲಿಲ್ಲ. ಬಾವಿಯ ದಂಡೆಯಲ್ಲಿ ಎರಡು ಗಿಡ ಬೆಳೆಸಿದವನೂ ಕಬ್ಬಿನ ನಡುವೆ ಸಾಲುಸಾಲು ಹಾಕಿದವನೂ ಅದೇ ಕಲಮಿನ ಕೆಳಗೆ ಬರುತ್ತಾರೆ. ನ್ಯಾಯಾಧೀಶರು ಶಿಕ್ಷೆಯನ್ನು ಕಡಿಮೆ ಮಾಡಬಹುದು ನಿಜ. ಆದರೆ ಅಷ್ಟರೊಳಗೆ ವಕೀಲರು, ಜಾಮೀನು, ಪತ್ರಿಕೆಯಲ್ಲಿ ಹೆಸರು ಎಲ್ಲ ಆಗಿ ಹೋಗಿರುತ್ತದೆ.

ಪೊಟ್ಟಣ ಕೊಂಡವನಿಗೆ ಒಂದು ವರ್ಷ, ಗಿಡ ನೆಟ್ಟವನಿಗೆ ಹತ್ತು ವರ್ಷ. ಪೊಟ್ಟಣ ಪೇಟೆಯಲ್ಲೂ ಇರುತ್ತದೆ, ಹಳ್ಳಿಯಲ್ಲೂ ಇರುತ್ತದೆ. ಗಿಡ ಇರುವುದು ಹೊಲದಲ್ಲಿ. ಕಾಯ್ದೆ ಬರೆದವರು ಇದನ್ನು ಬೇಕೆಂದು ಮಾಡಿದರು ಎಂದು ನನಗನಿಸುವುದಿಲ್ಲ. ಆದರೂ ಅದರ ಭಾರ ಯಾರ ಹೆಗಲಿಗೆ ಬಿತ್ತು ಎಂಬುದು ಸ್ಪಷ್ಟ.

*

ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆಂದು ಬೆಂಗಳೂರಿನಿಂದ ಬಂದ ಇಂಜಿನಿಯರ್ ಹುಡುಗ ತಾಯಿಯ ಮೊಣಕಾಲು ನೋವಿಗೆ ಒಂದು ಸಣ್ಣ ಎಣ್ಣೆ ಶೀಸೆ ತಂದಿದ್ದ. ಗಾಂಜಾ ಜಾತಿಯ ಗಿಡದ ಎಲೆಯಿಂದ ತೆಗೆದದ್ದು, ಆಯುಷ್ ಪರವಾನಗಿಯ ಮುದ್ರೆಯಿರುವಂಥದ್ದು. ಫೋನಿನಲ್ಲಿ ಆಯುರ್ವೇದ ವೈದ್ಯರ ಜೊತೆ ವಿಡಿಯೊ ಸಮಾಲೋಚನೆ ಆಗಿತ್ತು, ಚೀಟಿ ಬಂದಿತ್ತು, ಕೊರಿಯರ್‌ನಲ್ಲಿ ಎಣ್ಣೆ ಬಂದಿತ್ತು. ಕಾನೂನಿನ ಲೆಕ್ಕದಲ್ಲಿ ಎಲ್ಲವೂ ಸರಿ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂವು ಕಾಯಿ ಬಿಟ್ಟ ತುದಿ. ಆ ತುದಿಯಿಂದ ಬೇರೆಯಾಗಿರುವ ಎಲೆ ಮತ್ತು ಬೀಜ ಅದರೊಳಗೆ ಬರುವುದಿಲ್ಲ.

ಅವನ ತಾಯಿಯನ್ನು ಕೇಳಿದೆ. “ಡಾಕ್ಟರ್ ಬರದ ಕೊಟ್ಟಾರಂತ್ರಿ. ಎಣ್ಣಿ ಯಾತರದು ಅಂತ ನಾ ಏನ ಕೇಳ್ಲಿ?” ಮಗ ಗಿಡದ ಹೆಸರು ಹೇಳಿದ. ಆಕೆ ಶೀಸೆಯನ್ನು ದೇವರ ಮಾಡದ ಪಕ್ಕದಿಂದ ಎತ್ತಿ ಅಡುಗೆಮನೆಯ ಗೂಡಿಗೆ ಇಟ್ಟರು. ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ, ಅದರ ಜಾಗ ಬದಲಿಸಿದರು. ಈ ಸಣ್ಣ ಸಂಗತಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಔಷಧವೆಂಬ ನಂಬಿಕೆಯೂ ಮೈಲಿಗೆಯೆಂಬ ಅಳುಕೂ ಒಂದೇ ಮನಸ್ಸಿನಲ್ಲಿ ಕೂತಿರುತ್ತವೆ. ಒಂದು ಇನ್ನೊಂದನ್ನು ಹೊರಗೆ ಹಾಕುವುದಿಲ್ಲ.

ಬೆಂಗಳೂರಿನ ಕೋರಮಂಗಲದಲ್ಲಿ 2020ರಲ್ಲಿ ಇಂಥ ಔಷಧದ್ದೇ ಒಂದು ಕ್ಲಿನಿಕ್ ತೆರೆಯಿತು. 2019ರಲ್ಲಿ ಕಾಯ್ದೆಯ ಗಾಂಜಾ ನಿಷೇಧವನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಒಂದು ಟ್ರಸ್ಟ್ ಅರ್ಜಿ ಹಾಕಿತು. ಅರ್ಜಿ ಬರೆಯಲು, ಕ್ಲಿನಿಕ್ಕಿಗೆ ಹೋಗಲು, ‘ನಾನು ತೆಗೆದುಕೊಳ್ಳುತ್ತೇನೆ’ ಎಂದು ಎಲ್ಲರೆದುರು ಹೇಳಲು ಒಂದು ಬಗೆಯ ನೆಲೆ ಬೇಕು. ಆ ನೆಲೆ ಇರುವವರ ದನಿಯನ್ನೇ ನಾವು ‘ಜನಾಭಿಪ್ರಾಯ’ ಎಂದು ಓದುತ್ತಿದ್ದೇವೆ.

*

ಅದೇ ಇಂಜಿನಿಯರ್ ಹುಡುಗನ ಗೆಳೆಯನ ಟೀಶರ್ಟಿನ ಮೇಲೆ ಗಾಂಜಾ ಎಲೆಯ ಚಿತ್ರ. ಅಜ್ಜಿಯೊಬ್ಬರು ನೋಡಿ ಪುಂಡಿ ಪಲ್ಯ ಎಂದುಕೊಂಡರು. ಎಲೆಯ ಆಕಾರ ಹಾಗೇ ಇದೆ. ಕುಲ ಮಾತ್ರ ಬೇರೆ. ಆ ಅಂಗಿ ತೊಟ್ಟು ಅವನು ಬಸ್‌ಸ್ಟ್ಯಾಂಡಿನಲ್ಲಿ ಆರಾಮಾಗಿ ನಿಂತಿದ್ದ. ನಮ್ಮೂರ ಕೂಲಿ ಹುಡುಗ ಅದನ್ನೇ ತೊಟ್ಟರೆ ಸಂಜೆಯೊಳಗೆ ಅವನ ತಂದೆಗೆ ನಾಲ್ಕು ಮಂದಿ ಬುದ್ಧಿ ಹೇಳಿರುತ್ತಿದ್ದರು.

*

2020ರ ಸೆಪ್ಟೆಂಬರ್ ನೆನಪಾಗುತ್ತದೆ. ಬೆಂಗಳೂರಿನ ಸಿನಿಮಾದವರ ಮೇಲಿನ ಮಾದಕವಸ್ತು ಪ್ರಕರಣದ ಸುದ್ದಿ ಹಗಲೂ ರಾತ್ರಿ ಟಿವಿಯಲ್ಲಿ. ಅದೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಇನ್ನೊಂದು ವರದಿಯೂ ಬಂತು: ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನ ಜನವರಿ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪೊಟ್ಟಣವೇ ಪ್ರಸಾದ, ಶರಣ, ಆರೂಢ, ಅವಧೂತ ಪರಂಪರೆಯ ಕೆಲವರಲ್ಲಿ ಅದು ಧ್ಯಾನದ ದಾರಿ ಎಂಬ ನಂಬಿಕೆ. ತಿಂಥಣಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ.

ಎರಡೂ ಸುದ್ದಿಯನ್ನು ಓದಿದ್ದ ನಿವೃತ್ತ ಮಾಸ್ತರರನ್ನು ಕೇಳಿದೆ. “ಅಜ್ಜಾರದು ಸಾಧನಾ, ನಟಿಯರದು ಚಟ” ಎಂದರು. ಹಾಗಾದರೆ ರೋಗಿಯದು? ಅವರು ತುಸು ಹೊತ್ತು ಸುಮ್ಮನಿದ್ದು, “ರೋಗಿ ಯಾರು ಅನ್ನೂದರ ಮ್ಯಾಲ ಐತಿ” ಎಂದರು. ಗಿಡ ಏನು ಮಾಡುತ್ತದೆ ಎಂಬ ಪ್ರಶ್ನೆ ಅವರ ಉತ್ತರದೊಳಗೆ ಬರಲೇ ಇಲ್ಲ. ಅವರು ಕೆಟ್ಟವರಲ್ಲ; ನಾಲ್ಕು ಊರಿನ ಮಕ್ಕಳಿಗೆ ಅಕ್ಷರ ಕಲಿಸಿದವರು. ಮನುಷ್ಯನನ್ನು ನೋಡಿ ವಸ್ತುವಿನ ಬೆಲೆ ಕಟ್ಟುವ ರೂಢಿ ಅಷ್ಟು ಆಳಕ್ಕೆ ಇಳಿದಿದೆ.

*

ಈ ರೂಢಿ ಹೊಸದಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಚರಸ್, ಭಂಗಿಗಳ ಕುರಿತು ಒಂದು ಆಯೋಗ ನೇಮಿಸಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ. 1,193 ಮಂದಿಯ ಸಾಕ್ಷ್ಯ ಪಡೆದು 1894ರಲ್ಲಿ ವರದಿ ಕೊಟ್ಟರು. ಅಧಿಕಾರಿಗಳು, ಡಾಕ್ಟರುಗಳು, ವೈದ್ಯರು, ಪಾದ್ರಿಗಳು, ಜಮೀನುದಾರರು ಎಲ್ಲರನ್ನೂ ಕೇಳಿದ್ದರು. ಆಗ ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬೈ ಪ್ರಾಂತ್ಯದಲ್ಲಿದ್ದವು. ಆ ಪ್ರಾಂತ್ಯವೂ ವಿಚಾರಣೆಯೊಳಗಿತ್ತು. ಈ ಸೇವನೆಯನ್ನು ಸಮಾಜ ಹೇಗೆ ನೋಡುತ್ತದೆ, ಕೀಳೆಂದು ನೋಡಿದರೆ ಕಾರಣವೇನು ಎಂಬುದೂ ಅವರ ಪ್ರಶ್ನೆಪಟ್ಟಿಯಲ್ಲಿತ್ತು. ನೂರಮೂವತ್ತು ವರ್ಷದ ಹಿಂದಿನ ಆ ಪ್ರಶ್ನೆಯನ್ನೇ ನಾನೀಗ ಕಟಕೋಳದಲ್ಲಿ ಕೇಳುತ್ತಿದ್ದೇನೆ.

ಆಯೋಗದ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಚ್ಚಾಸ್ಪತ್ರೆಗಳ ಭಾಗ. ‘ಗಾಂಜಾದಿಂದ ಹುಚ್ಚು’ ಎಂದು ದಾಖಲಾದ 1892ರ ರೋಗಿಗಳ ಪ್ರಕರಣಗಳನ್ನು ಅವರು ಒಂದೊಂದಾಗಿ ಕೆದಕಿದರು. ಬಹಳ ಕಡೆ ಆ ಕಾರಣವನ್ನು ಡಾಕ್ಟರು ಹುಡುಕಿ ಬರೆದದ್ದಾಗಿರಲಿಲ್ಲ. ರೋಗಿಯನ್ನು ಕರೆತಂದ ಪೊಲೀಸಿನವರ ಕಾಗದದಲ್ಲಿ ಇದ್ದದ್ದನ್ನು ರಿಜಿಸ್ಟರಿಗೆ ಇಳಿಸಿದ್ದರು, ಅಷ್ಟೆ. ಬೀದಿಯಲ್ಲಿ ಸಿಕ್ಕ ಬೈರಾಗಿ, ಸೇದುವ ರೂಢಿಯವನು, ಹೇಳುವವರು ಕೇಳುವವರು ಇಲ್ಲ, ಕಾರಣ ಗಾಂಜಾ. ಧಾರವಾಡದಲ್ಲೂ 1845ರಿಂದ ಅಂಥ ಆಸ್ಪತ್ರೆ ಇತ್ತು. ಇಂದಿನ ಡಿಮ್ಹಾನ್ಸ್ ಅದರ ಮುಂದುವರಿಕೆ. ಮಿತವಾದ ಸೇವನೆಯಿಂದ ಹೇಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿ ಸಾಕು ಎಂದು ಆಯೋಗ ತೀರ್ಮಾನಿಸಿತು. ಅತಿಯಾದರೆ ಕೇಡು ಎಂದೂ ಬರೆಯಿತು. ನಿಷೇಧ ಬಂದದ್ದು 1961ರ ಅಂತರರಾಷ್ಟ್ರೀಯ ಒಪ್ಪಂದದ ನಂತರ, ಅದರ ಗಡುವು ಹತ್ತಿರ ಬಂದಂತೆ, 1985ರಲ್ಲಿ.

*

ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಕೂತಿದ್ದ ಅಕ್ಕಂದಿರನ್ನು ಕೇಳಿದಾಗ ಸಿಕ್ಕ ವಿರೋಧದಷ್ಟು ಖಡಕ್ ವಿರೋಧ ಬೇರೆಲ್ಲೂ ಸಿಗಲಿಲ್ಲ. “ಮನಿಯಾಗ ಕುಡ್ಯಾವ ಒಬ್ಬ ಸಾಕ್ರಿ. ಔಷಧ ಅಂತ ಒಂದ ಬಾಗಲಾ ತಗದ್ರ ಅದರಾಗ ಯಾರ್ಯಾರ ಬರ್ತಾರ ಗೊತ್ತೈತೇನು?” ಎಂದರು ಒಬ್ಬಾಕೆ. ಉಳಿದವರು ಹೌದ್ಹೌದೆಂದರು.

ಇದನ್ನು ತಿಳಿವಳಿಕೆ ಸಾಲದು ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಹೆಣ್ಣುಮಕ್ಕಳಿಗೆ ನಶೆಯ ವಿಚಾರದಲ್ಲಿ ಇರುವಷ್ಟು ಅನುಭವ ಯಾವ ತಜ್ಞರಿಗೂ ಇಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಮಹಿಳೆಯರು ಸುಮಾರು 200 ಕಿಲೊಮೀಟರ್ ನಡೆದರಲ್ಲ, ಅವರು ಇಂಥ ಮನೆಗಳಿಂದಲೇ ಬಂದವರು. ಅದೇ ವರ್ಷ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವವರು ಶೇ 14.6, ಭಂಗಿ, ಗಾಂಜಾ, ಚರಸ್ ಮೂರೂ ಸೇರಿ ಶೇ 2.8. ಅಂಕಿ ಗಾಂಜಾದ ಪರ ಎನ್ನಬಹುದು. ಆದರೆ ಮದ್ಯದ ಅಂಗಡಿಗೂ ಪರವಾನಗಿ ಕೊಟ್ಟದ್ದು ಸರ್ಕಾರವೇ ಅಲ್ಲವೇ? ‘ಹತೋಟಿಯಲ್ಲಿ ಇರುತ್ತದೆ’ ಎಂಬ ಮಾತನ್ನು ಅವರು ಒಮ್ಮೆ ಕೇಳಿ ಅದರ ಫಲ ಉಂಡವರು.

ಅದೇ ಅಕ್ಕನೇ, ಎದ್ದು ಹೋಗುವಾಗ, ನಾನು ಕೇಳದೆ ಇನ್ನೊಂದು ಮಾತು ಹೇಳಿದರು. ಅವರ ಅತ್ತೆಗೆ ಗರ್ಭಕೋಶದ ಕ್ಯಾನ್ಸರ್. ಹುಬ್ಬಳ್ಳಿ ನವನಗರದ ಆಸ್ಪತ್ರೆಗೆ, ಆಮೇಲೆ ಮಿರಜಿಗೆ ಅಲೆದು, ಕೊನೆಗೆ ಮನೆಗೆ ಕರೆತಂದರು. “ಮೂರ ತಿಂಗಳ ಒದರಿದ್ರಿ. ಓಣಿ ಮಂದಿಗೆಲ್ಲ ಕೇಳಸ್ತಿತ್ತು. ಆವಾಗ ಯಾರರ ಗಾಂಜಾದ್ದರ ಆಗಲಿ, ವಿಷದ್ದರ ಆಗಲಿ, ನೋವು ನಿಲ್ಲಸೂದು ತಂದ ಕೊಟ್ಟಿದ್ರ ನಾ ಬ್ಯಾಡ ಅಂತಿದ್ದಿಲ್ಲ.”

ಹತ್ತು ನಿಮಿಷದ ಹಿಂದೆ ಬಾಗಿಲು ಮುಚ್ಚಿ ಎಂದವರು, ಈಗ ತೆಗೆಯಿರಿ ಎಂದರು. ಮಾತು ಬದಲಾಗಿರಲಿಲ್ಲ, ಪ್ರಶ್ನೆ ಬದಲಾಗಿತ್ತು. ನಾನು ಕೇಳಿದ ಗಾಂಜಾದ ಪ್ರಶ್ನೆಗೆ ಅವರು ಗಂಡನನ್ನು ನೆನೆದು ಉತ್ತರಿಸಿದ್ದರು. ನೋವಿನ ಪ್ರಶ್ನೆಗೆ ಅತ್ತೆಯನ್ನು ನೆನೆದು.

*

ಆ ಅತ್ತೆಗೆ ಬೇಕಿದ್ದದ್ದು ಗಾಂಜಾ ಅಲ್ಲ, ಮಾರ್ಫಿನ್. ಕ್ಯಾನ್ಸರಿನ ಕಡುನೋವಿಗೆ ಅದು ಹಳೆಯ, ಅಗ್ಗದ, ಖಚಿತ ಮದ್ದು. ಅಫೀಮು ಬೆಳೆಯುವ ಈ ದೇಶದಲ್ಲೇ ಅದು ರೋಗಿಗೆ ಸಿಗದೆ ಹೋದದ್ದಕ್ಕೆ ಅದೇ 1985ರ ಕಾಯ್ದೆ ಕಾರಣ. ಪರವಾನಗಿಯ ಮೇಲೆ ಪರವಾನಗಿ ಬೇಕಾಗಿ, ಲೆಕ್ಕ ತಪ್ಪಿದರೆ ಜೈಲೆಂಬ ಹೆದರಿಕೆಯಿಂದ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವೈದ್ಯಕೀಯ ಬಳಕೆ ವರ್ಷಕ್ಕೆ 18 ಕಿಲೊಗೆ ಇಳಿದಿತ್ತು. 2014ರಲ್ಲಿ ಕಾಯ್ದೆ ತಿದ್ದಿ ‘ಅಗತ್ಯ ಮಾದಕ ಔಷಧ’ಗಳಿಗೆ ಒಂದೇ ಪರವಾನಗಿ ಸಾಕೆಂದರು. ಕರ್ನಾಟಕ 2016ರಲ್ಲಿ ಉಪಶಾಮಕ ಆರೈಕೆಗೆಂದು ನೀತಿಯನ್ನೂ ತಂದಿತು. ಕಾಗದದ ಮೇಲೆ ದಾರಿ ತೆರೆದಿದೆ. ಆದರೆ ಮೂವತ್ತು ವರ್ಷ ಮಾರ್ಫಿನ್ ಮುಟ್ಟದೆ ಕಲಿತ, ಕಲಿಸಿದ ಡಾಕ್ಟರುಗಳ ಕೈ ಒಮ್ಮೆಲೇ ಸಲೀಸಾಗುವುದಿಲ್ಲ.

ಗಾಂಜಾ ಔಷಧದ ಮಾತಾಡುವ ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಅಚ್ಚರಿಪಡುತ್ತಾರೆ. ಅವರ ಮನೆಯವರು ನೋವಿನಿಂದ ಮಲಗಿದಾಗ ಮಾರ್ಫಿನ್ ಸಿಕ್ಕಿದೆ. ಹಾಗಾಗಿ ಅವರಿಗೆ ಮುಂದಿನ ಮದ್ದಿನ ಯೋಚನೆ. ರಾಮದುರ್ಗ ತಾಲ್ಲೂಕಿನ ಹಳ್ಳಿಗೆ ಹಿಂದಿನದೇ ಇನ್ನೂ ಬಂದು ಮುಟ್ಟಬೇಕು.

*

ಹಾಗೆಂದು ಗಾಂಜಾದಿಂದ ಎಲ್ಲ ರೋಗವೂ ಗುಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1839ರಲ್ಲಿ ಕಲ್ಕತ್ತೆಯಲ್ಲಿ ಡಾಕ್ಟರ್ ಓಶಾನೆಸಿ ಧನುರ್ವಾಯು, ಸಂಧಿವಾತ, ಸೆಳೆತಗಳಿಗೆ ಇದನ್ನು ಕೊಟ್ಟು ನೋಡಿ ಬರೆದ ಮೇಲೆಯೇ ಯುರೋಪಿನ ವೈದ್ಯರು ಇದನ್ನು ಗಮನಿಸಿದ್ದು. ಆದರೂ ಗಟ್ಟಿ ಪುರಾವೆ ಸಿಕ್ಕಿರುವುದು ಕೆಲವೇ ಕಡೆ. ಮಕ್ಕಳಲ್ಲಿ ಬರುವ ಎರಡು ಬಗೆಯ ಕಡು ಮೂರ್ಛೆರೋಗಕ್ಕೆ ಈ ಗಿಡದ ಒಂದು ಅಂಶದಿಂದ ಮಾಡಿದ ಔಷಧವನ್ನು ಅಮೆರಿಕ 2018ರ ಜೂನ್‌ನಲ್ಲಿ ಒಪ್ಪಿತು, ಅದರಲ್ಲಿ ಅಮಲಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ 1985ರಿಂದಲೇ ಗುಳಿಗೆ ಇದೆ. ನೋವಿನ ಮಾತು ಬಂದಾಗ ಮಾತ್ರ ಪುರಾವೆ ಸಾಲದು ಎಂದು ನೋವಿನ ತಜ್ಞರ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಹೇಳಿತು. ಹರೆಯದ ಹುಡುಗರಲ್ಲಿ ಅಮಲಿನ ಅಂಶ ಹೆಚ್ಚಿರುವ ಗಾಂಜಾ ಚಿತ್ತವಿಕಾರಕ್ಕೆ ದಾರಿ ಮಾಡಬಲ್ಲದು. ಕಟಕೋಳದ ಡಾಕ್ಟರೊಬ್ಬರು ಇದನ್ನೆಲ್ಲ ತೂಗಿ ‘ಸದ್ಯಕ್ಕೆ ಬೇಡ’ ಎಂದರೆ ಅದು ವಿದ್ಯೆಯ ಮಾತು. ಮಾಸ್ತರರ ಮಾತಿನ ಜೊತೆ ಅದನ್ನು ಸೇರಿಸಬಾರದು.

ಇನ್ನೊಂದು ಗಮನಿಸಿದ್ದು: ಜಾತಿಫಲಾದಿ ಚೂರ್ಣ. ಭೇದಿಗೆ, ಗ್ರಹಣಿಗೆ ಕೊಡುವ ಹಳೆಯ ಆಯುರ್ವೇದ ಪುಡಿ. ಶಾರ್ಙ್ಗಧರ ಸಂಹಿತೆಯ ಯೋಗ. ಅದರಲ್ಲಿ ಭಂಗಿಯ ಪಾಲು ದೊಡ್ಡದು. ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಬೇಕಾದ ಔಷಧಗಳ ಸಾಲಿನಲ್ಲಿ ಸರ್ಕಾರ ಇದನ್ನು ಇಟ್ಟಿದೆ. ತಿಂದವರಿಗೆ ಒಳಗೇನಿದೆ ಗೊತ್ತಿಲ್ಲ, ಜಗಳವೂ ಇಲ್ಲ.

*

ಅಮೆರಿಕದ ಲೆಕ್ಕ ಬೇರೆಯೇ ಬಗೆಯದು. 2024ರ ಜನವರಿಯಲ್ಲಿ ಪ್ಯೂ ಸಂಸ್ಥೆ ಕೇಳಿದಾಗ ಯಾವುದಕ್ಕೂ ಕೂಡದು ಎಂದವರು ನೂರಕ್ಕೆ 11 ಮಾತ್ರ. ಔಷಧಕ್ಕೆ ಮಾತ್ರ ಇರಲಿ ಎಂದವರು 32, ಔಷಧ, ಮೋಜು ಎರಡಕ್ಕೂ ಇರಲಿ ಎಂದವರು 57. ಎಪ್ಪತ್ತೈದು ದಾಟಿದವರಲ್ಲಿ ಎರಡಕ್ಕೂ ಒಪ್ಪಿದವರು ಹತ್ತರಲ್ಲಿ ಮೂವರಷ್ಟೆ. ಅಲ್ಲೂ ವಯಸ್ಸು, ಪಕ್ಷ, ಹಿನ್ನೆಲೆಗೆ ತಕ್ಕಂತೆ ಮಾತು ಬೇರೆಯಾಗುತ್ತದೆ. ನನಗೆ ಹತ್ತಿರವೆನಿಸಿದ್ದು ಒಕ್ಲಹೋಮ. ಹೊಲ, ದನ, ಚರ್ಚು, ಹಳೆಯ ಕಟ್ಟುಪಾಡುಗಳ ರಾಜ್ಯ. 2018ರಲ್ಲಿ ಅಲ್ಲಿನ ಜನ ಮತ ಹಾಕಿ ಔಷಧಕ್ಕೆ ಒಪ್ಪಿದರು; 2023ರಲ್ಲಿ ಅದೇ ಜನ ಮೋಜಿನ ಬಳಕೆ ಬೇಡವೆಂದು ಮತ ಹಾಕಿದರು. ಎರಡನ್ನೂ ಬೇರೆಬೇರೆ ಮಾಡಿ ಕೇಳಿದ್ದರಿಂದ ಅವರು ಬೇರೆಬೇರೆ ಉತ್ತರ ಕೊಡುವಂತಾಯಿತು. ನಮ್ಮಲ್ಲಿ ಯಾರೂ ಹಾಗೆ ಬಿಡಿಸಿ ಕೇಳಿಲ್ಲ.

ಭಾರತ ಹೊರಗೆ ಹೇಳುವುದಕ್ಕೂ ಒಳಗೆ ನಡೆಯುವುದಕ್ಕೂ ಅಂತರವಿದೆ. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯುವ ಮತದಾನ ನಡೆಸಿದಾಗ 27–25ರಿಂದ ಅದು ಗೆದ್ದಿತು. ಪರವಾಗಿ ಕೈಯೆತ್ತಿದವರಲ್ಲಿ ಭಾರತವೂ ಒಂದು. 2022ರಲ್ಲಿ ನಮ್ಮ ಹೈಕೋರ್ಟು, ಬೆಂಗಳೂರಿನ ಒಂದು ಪ್ರಕರಣದಲ್ಲಿ, ಭಂಗಿ ನಿಷೇಧಿತ ವಸ್ತುವೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ ಎಂದು ಹೇಳಿ ಜಾಮೀನು ಕೊಟ್ಟಿತು. ಈ ಎರಡೂ ಸುದ್ದಿ ಕಟಕೋಳದಲ್ಲಿ ನಾನು ಮಾತಾಡಿಸಿದ ಯಾರಿಗೂ ಗೊತ್ತಿರಲಿಲ್ಲ. ಕಬ್ಬಿನ ಗದ್ದೆಯಲ್ಲಿ ಗಿಡ ಸಿಕ್ಕು ರೈತರ ಬಂಧನವಾದ ಸುದ್ದಿಗಳು ಎಲ್ಲರಿಗೂ ಗೊತ್ತಿದ್ದವು.

*

ಕಾಯ್ದೆಯ 10ನೇ ಕಲಮು ರಾಜ್ಯ ಸರ್ಕಾರಕ್ಕೆ ಗಾಂಜಾ ಬೆಳೆಗೆ ಅನುಮತಿ ಕೊಟ್ಟು ಹತೋಟಿಯಲ್ಲಿಡುವ ಅಧಿಕಾರ ಕೊಟ್ಟಿದೆ. ಉತ್ತರಾಖಂಡ 2018ರಲ್ಲಿ ಅಮಲು ಕಡಿಮೆಯಿರುವ ತಳಿಗೆ ಅನುಮತಿ ಕೊಟ್ಟಿತು. ಮೊದಲ ಪರವಾನಗಿ ಒಂದು ಉದ್ಯಮ ಸಂಘಟನೆಗೆ ಹೋಯಿತು. ಹಿಮಾಚಲ 2023ರಲ್ಲಿ ಕಂದಾಯ ಸಚಿವ ಜಗತ್ ಸಿಂಗ್ ನೇಗಿ ಅವರ ಸಮಿತಿ ಮಾಡಿ, ಜಿಲ್ಲೆಗಳಿಗೆ ಹೋಗಿ ಜನರನ್ನು ಮಾತಾಡಿಸಿತು. 2024ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಆ ವರದಿಯನ್ನು ಒಪ್ಪಿತು.

ನಮ್ಮ ಕಡೆ ಅಂಥ ಸಮಿತಿ ಬರುವುದಾದರೆ ಹೇಗೆ ಕೇಳಬೇಕು ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ತಾಲ್ಲೂಕು ಕಚೇರಿಯಲ್ಲಿ ಸಾಹೇಬರ ಎದುರು ಕೂರಿಸಿ ಕೇಳಿದರೆ ರೈತರು ‘ಬೇಡ’ ಎನ್ನುತ್ತಾರೆ, ಅದನ್ನೇ ಜನರ ಅಭಿಪ್ರಾಯವೆಂದು ಬರೆದುಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಬೇರೆ ಕೇಳಬೇಕು. ಹಾಸಿಗೆ ಹಿಡಿದವರು ಇರುವ ಮನೆಗಳಿಗೆ ಹೋಗಿಯೇ ಕೇಳಬೇಕು.

ಉತ್ತರಾಖಂಡದ ಸಂಗತಿಯನ್ನು ಒಂದು ಮನೆಯಲ್ಲಿ ಹೇಳುತ್ತಿದ್ದೆ. ಎರಡೆಕರೆ ನೀರಾವರಿಯ ಯುವಕ ಕೇಳಿದ, “ಲೈಸೆನ್ಸ ಯಾರ ಹೆಸರೀಗೆ ಬರತೈತ್ರಿ? ಹೊಲಕ್ಕ ಕಂಪೌಂಡ ಕಟ್ಟಸಬೇಕೇನ?” ಒಳಗಿನಿಂದ ಅವನ ತಾಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮೂರನೆಯದನ್ನು ಕೇಳಿದರು: “ಮಾಡಿದ ಔಷಧ ನಮ್ಮೂರ ದವಾಖಾನಿಗೆ ಬರತೈತೋ, ಇಲ್ಲಾ ಪ್ಯಾಟಿಗೇ ಹೋಗತೈತೋ?”